ರಾಯ್‌ನಲ್ಲಿ ಕೊಂಡ ಜಾಗ

ಸಾಲಕ್ಕೆ ಸಹಿ ಹಾಕಿದವಳು ನಾನು. ಬರ್ನಾರ್ಡ್ ಬೇಡವೆಂದೇ ಹೇಳಿದ್ದರು. ಹದಿನಾಲ್ಕು ವರ್ಷ ಅರಬರ ನಾಡಿನ ರಾಯ್ ಎಂಬ ವರ್ಕ್‌ಶಾಪು ಪೇಟೆಯ ಬಾಡಿಗೆ ಶೆಡ್ಡುಗಳಲ್ಲಿ ಏಸಿ ರಿಪೇರಿ ಮಾಡಿ, ಮಾಲೀಕ ಎಬ್ಬಿಸಿದಾಗಲೆಲ್ಲ ತುಟಿಪಿಟಕ್ ಎನ್ನದೆ ಸಾಮಾನು ಹೊತ್ತುಕೊಂಡು ಹೋದ ಗಂಡ. ದೇವರಂಥ ಮನುಷ್ಯ ಎಂದು ಜನ ಹೊಗಳುತ್ತಿದ್ದರು. ದೇವರ ಜೊತೆ ಸಂಸಾರ ಮಾಡುವ ಕಷ್ಟ ನನಗೆ ಗೊತ್ತು. ಊಟಕ್ಕೆ ಕೂತಾಗಲೆಲ್ಲ, "ನಿಮ್ಮದು ಅಂತ ಒಂದು ಮೂಲೆಯಾದ್ರೂ ಉಂಟಾ?" ಎಂದು ಚುಚ್ಚುತ್ತಿದ್ದೆ.

ಸಣ್ಣ ವ್ಯಾಪಾರಿಗಳು ಸ್ವಂತ ಜಾಗ ಮಾಡಿಕೊಳ್ಳಲು ಬ್ಯಾಂಕೊಂದು ನೆರವು ಕೊಡುತ್ತದೆಂದು ತಿಳಿದದ್ದೇ, ಆಸ್ಪತ್ರೆಯಿಂದ ಸಂಬಳದ ಪತ್ರ ತಂದೆ. ನನ್ನ ನರ್ಸಿನ ಸಂಬಳದ ಮೇಲೆ ಸಾಲ. ಪರದೇಶದವರ ಹೆಸರಿಗೆ ಇಲ್ಲಿ ಜಾಗ ಬರೆಯುವುದಿಲ್ಲವಾದ್ದರಿಂದ ಕಾಗದ ನಮ್ಮ ಕಫೀಲನ, ಅಂದರೆ ವೀಸಾ ಕೊಡಿಸಿದ ಅರಬಿಯ, ಹೆಸರಿನಲ್ಲಿ. ಅವನು ಒಳ್ಳೆಯವನು, ಬಾಯಿಮಾತೇ ಸಾಕಾಯಿತು. ಜುಲೈ ಕೊನೆಗೆ ವರ್ಕ್‌ಶಾಪಿನ ಜಾಗ ನಮ್ಮ ಕೈಸೇರಿತು. ಆಗಸ್ಟ್ ಎರಡಕ್ಕೆ ಇರಾಕಿನ ಸೈನ್ಯ ಬಂತು. ಕಫೀಲ್ ಸೌದಿಗೆ ಓಡಿದ.

ಸೆಪ್ಟೆಂಬರಿನಲ್ಲಿ ನಾವಿದ್ದ ಹವಲ್ಲಿಯಿಂದ, ಊರಿಗೆ ವಿಮಾನ ಸಿಗುವ ಅಮ್ಮಾನ್ ಕಡೆಗೆ ಹೊರಟ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಮಗಳು ಕ್ಲಾರಿಸ್ಸಾಗೂ ಸೀಟು ಸಿಕ್ಕಿತು. ಬರ್ನಾರ್ಡ್ ಹತ್ತಲಿಲ್ಲ.

"ನೀವಿಬ್ರು ಹೋಗಿ. ಖಾಲಿ ಬಿಟ್ರೆ ನಾಳೆಯೇ ಯಾರಾದ್ರೂ ಒಳಗೆ ನುಗ್ತಾರೆ."

"ನುಗ್ಗಲಿ ಮಾರಾಯ್ರೇ. ನಾಲ್ಕು ಗೋಡೆ, ಅದೂ ಅರಬಿಯ ಹೆಸರಲ್ಲಿ. ಬೆಂಕಿ ಬೀಳಲಿ ಅದಕ್ಕೆ."

"ಹಾಗೆ ಹೇಳ್ಬೇಡ ಒಲಿಂಡಾ," ಎಂದು ಕಿಟಕಿಯಿಂದ ಬ್ರೆಡ್ಡಿನ ಕಟ್ಟು ಕೊಟ್ಟರು. ನನಗೆಷ್ಟು ಸಿಟ್ಟು ಬಂದಿತ್ತೆಂದರೆ ಕೈ ಕೂಡ ಬೀಸಲಿಲ್ಲ. ಆಮೇಲೆ ಅವರ ಸುದ್ದಿಯೇ ಬರಲಿಲ್ಲ.

ಮರುವರ್ಷ ಯುದ್ಧ ಮುಗಿದು ಆಸ್ಪತ್ರೆಯವರು ವಾಪಸು ಕರೆದಾಗ, ಕ್ಲಾರಿಸ್ಸಾಳನ್ನು ಊರಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟು ಒಬ್ಬಳೇ ಬಂದೆ. ಎಣ್ಣೆಬಾವಿಗಳ ಹೊಗೆಯಲ್ಲಿ ಹಗಲೇ ಕತ್ತಲಾಗಿತ್ತು. ವರ್ಕ್‌ಶಾಪಿನಲ್ಲಿ ಒಂದು ಮೊಳೆಯೂ ಉಳಿದಿರಲಿಲ್ಲ. ಪಕ್ಕದ ಚಹಾದಂಗಡಿಯ ಪುತ್ತಬ್ಬ ಮಾತ್ರ ಅಲ್ಲೇ ಇದ್ದ.

"ನವೆಂಬರಲ್ಲಿ ಸೈನಿಕರು ಬಂದ್ರು ಬಾಯಿ. ಸಾಮಾನು ಇಡ್ಲಿಕ್ಕೆ ಜಾಗ ಬೇಕು, ಬಿಟ್ಟು ಹೋಗು ಅಂದ್ರು. ಮೊದಲು ಒಳ್ಳೆ ಮಾತಲ್ಲೇ ಕೇಳಿದ್ದು. ನಾನೂ ಹೇಳಿದೆ, ಕೊಟ್ಟುಬಿಡಿ, ಖಲಾಸ್ ಅಂತ."

"ಇವರೇನು ಹೇಳಿದ್ರು?"

ಪುತ್ತಬ್ಬ ನನ್ನ ಮುಖ ನೋಡಲಿಲ್ಲ.

"'ನನ್ನದಾಗಿದ್ರೆ ಕೊಡ್ತಿದ್ದೆ. ಇದು ನನ್ನ ಹೆಂಡತಿಯದು' ಅಂದ್ರು. ಟ್ರಕ್ಕಿಗೆ ಹತ್ತಿಸಿದ್ರು. ಮತ್ತೆ ಬರ್ಲಿಲ್ಲ ಬಾಯಿ."

ಆ ಮನುಷ್ಯನಿಗೆ ತನ್ನದೆನ್ನುವ ಒಂದು ಜಾಗ ಇರಲಿ ಎಂದಷ್ಟೇ ನಾನು ಸಹಿ ಹಾಕಿದ್ದು.