ನಕ್ಷೆಯ ಮೇಲಿಟ್ಟ ಕಲ್ಲು

ಜೋರಾಪುರ ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ಸಂಜೆ ಮನೆಗೆ ಹೋಗುವಾಗ ತಾವು ಕೂರುವ ಜಾಗದಲ್ಲಿ ಗುರುತಿಗೊಂದು ಕಲ್ಲು ಇಟ್ಟು ಹೋಗುತ್ತಾರೆ. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಸಾರವಾಡದ ಹೊಳೆವ್ವನ ಕಲ್ಲಂತೂ ಅವಳ ಅತ್ತೆಯ ಕಾಲದ್ದು.

ಆ ಬೆಳಿಗ್ಗೆ ಅವಳು ಬಸ್ಸಿಳಿದು ಬಂದಾಗ ನಗರ ಯೋಜನೆಯ ಸಾಹೇಬರು ಬೀದಿಯಲ್ಲೇ ದೊಡ್ಡ ನಕ್ಷೆ ಹಾಸಿದ್ದರು.

“ಇಪ್ಪತ್ತು ವರ್ಷದ ಯೋಜನೆ, ಅವ್ವಾ. ಇನ್ನು ಪೇಟೆ ಗಾಡಿಗಳಿಗಲ್ಲ, ಜನರಿಗೆ.”

ಇಷ್ಟು ದಿನ ‘ಏಯ್, ಏಳು’ ಎನ್ನುತ್ತಿದ್ದ ಬಾಯಲ್ಲಿ ‘ಅವ್ವಾ’ ಬಂದೊಡನೆ ಹೊಳೆವ್ವನಿಗೆ ಗುಮಾನಿ ಹುಟ್ಟಿತು. ಬಗ್ಗಿ ನೋಡಿದಳು. ತಾನು ಕೂರುವ ಕಡೆ ಒಂದು ಬೆಂಚು, ಅದರ ಮೇಲೆ ನಗುವ ಗಂಡ ಹೆಂಡತಿ.

“ಇವರ್ಯಾರ್ರಿ?”

“ಜನ.”

“ಹಂಗಾರ ನಾವು?”

“ನಿಮಗೆ ಊರಾಚೆ, ತೊರವಿ ದಾಟಿ ಹೊಸ ಮಾರುಕಟ್ಟೆ ಕಟ್ಟುತ್ತೇವೆ.”

ಪಕ್ಕದ ಮುರಿಗೆವ್ವ ಕಿಸಕ್ಕನೆ ನಕ್ಕಳು. “ಅಲ್ಲಿ ಪಲ್ಲೆ ಯಾರ ತಗೋತಾರ ಬೇ, ಹೊಲದಾಗಿನ ಬೆದರುಗೊಂಬಿ?”

ಹೊಳೆವ್ವ ನಗಲಿಲ್ಲ. ತನ್ನ ಕಲ್ಲನ್ನೆತ್ತಿ ಆ ಬೆಂಚಿನ ಚಿತ್ರದ ಮೇಲಿಟ್ಟಳು.

ನಕ್ಷೆ ಸುತ್ತಲು ಹೋದ ಸಾಹೇಬರಿಗೆ ಕಲ್ಲು ಅಡ್ಡವಾಯಿತು. “ಸಿದ್ದರಾಮ, ಅದನ್ನೆತ್ತು,” ಎಂದು ಜವಾನನಿಗೆ ಹೇಳಿದರು.

ಸಿದ್ದರಾಮ ಇದೇ ಪೇಟೆಯವನು. ಹಿಂದೆ ಸರಿದ. “ಇನ್ನೊಬ್ಬರ ಕಲ್ಲು ಮುಟ್ಟಂಗಿಲ್ರಿ ಸಾಹೇಬ್ರ. ನಮ್ಮವ್ವನೂ ಇಲ್ಲೇ ಕುಂತಾಕಿ.”

ಸಾಹೇಬರು ತಾವೇ ಬಗ್ಗಿದರು. ಬೀದಿಯುದ್ದಕ್ಕೂ ಹೆಂಗಸರು ತಕ್ಕಡಿ ಕೆಳಗಿಟ್ಟು ಎದ್ದು ನಿಂತರು. ಚಾಚಿದ ಕೈ ಹಿಂದೆ ಹೋಯಿತು.

“ಆಯ್ತು, ನಾಳೆ ಮಾತಾಡೋಣ,” ಎಂದು ನಕ್ಷೆ ಅಲ್ಲೇ ಬಿಟ್ಟು ಹೊರಟರು.

ಆ ನಾಳೆಯನ್ನು ಹೊಳೆವ್ವ ನಂಬಲಿಲ್ಲ. ನಕ್ಷೆಯ ಮೇಲೆಯೇ ಗೋಣಿಚೀಲ ಹಾಸಿ ಮೆಂತೆ ಪಲ್ಲೆ ಹರಡಿ ಕೂತಳು. ಅಂದು ಸಂಜೆ ಸಾರವಾಡದ ಬಸ್ಸು ಅವಳಿಲ್ಲದೆ ಹೋಯಿತು.