ಸಮ್ಮಟಿಗೆಯವನ ಹುಣ್ಣು

ಆ ಕುಲುಮೆಯಲ್ಲಿ ಒಂದೇ ಕಾನೂನು: ನೋವು ಎಂದವನ ಕೈಯಿಂದ ಸಮ್ಮಟಿಗೆ ಹೋಯಿತು, ಪಕ್ಕದವನಿಗೆ ಬಂತು. ಹಾಗಾಗಿ ಎರಡು ವರ್ಷದಿಂದ ಭುಜ ಕಿತ್ತು ಬರುತ್ತಿದ್ದರೂ ಸಮ್ಮಟಿಗೆ ಹೊಡೆಯುವ ಭಾವ ಬಾಯಿ ಬಿಟ್ಟವನಲ್ಲ. ಬಿಟ್ಟದ್ದು ನೋವಿನ ಮಾತ್ರೆ ನುಂಗಲು, ದಿನಕ್ಕೆ ನಾಲ್ಕು, ಖಾಲಿ ಹೊಟ್ಟೆಗೆ, ಕದ್ದು.

ಎದುರಿಗೆ ಕೆಂಡದಂಥ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯುವವನು ಭಾವನ ಹೆಂಡತಿಯ ತಮ್ಮ, ಮೈದುನ. ಅವತ್ತು ಸಮ್ಮಟಿಗೆ ಗುರಿ ತಪ್ಪಿ ಇಕ್ಕಳದ ಮೇಲೆ ಬಿತ್ತು.

"ಕಣ್ಣು ಹೋಯ್ತಾ ಭಾವ, ಕೈ ಹೋಯ್ತಾ? ಹೇಳಿಬಿಡಿ, ನಾನು ಹೊಡೀತೀನಿ."

"ನಿಮ್ಮಕ್ಕ ಹೊಡೆಯೋದು ಸಾಲದು ಅಂತ ನೀನು ಬೇರೆ!"

ಎಲ್ಲರೂ ನಕ್ಕರು. ಮೈದುನ ನಗಲಿಲ್ಲ, ಹೊಟ್ಟೆಗೆ ಗುದ್ದಿದ. ಭಾರಿ ಗುದ್ದೇನಲ್ಲ, ನೆಂಟಸ್ತಿಕೆಗೆ ತಕ್ಕಷ್ಟು. ಆದರೆ ಭಾವ ಕಬ್ಬಿಣ ಬಡಿಯುವ ಅಡಿಗಲ್ಲಿನ ಬುಡದಲ್ಲಿ ಮುದುಡಿ ಬಿದ್ದು ಅರಚಿದ. ಹೊಟ್ಟೆ ಮರದ ಹಲಗೆಯಾಗಿತ್ತು.

"ದಿನಾ ಏನಾದ್ರೂ ಮಾತ್ರೆ ತಗೋತೀರಾ?" ಆಸ್ಪತ್ರೆಯಲ್ಲಿ ಸರ್ಜನ್ ಕೇಳಿದರು.

"ಇಲ್ಲ ಸಾರ್. ನನ್ನ ಹೆಂಡತಿ ತಮ್ಮ ಗುದ್ದಿದ."

ಹೊತ್ತು ತಂದ ಗೆಳೆಯರಿಗೆ ಅಷ್ಟೇ ಸಾಕಾಯಿತು. ಕುಲುಮೆಗೆ ಮರಳಿ ನ್ಯಾಯ ಮಾಡಿದರು: ಮೈದುನನ ಎರಡು ಹಲ್ಲು, ಅಡಿಗಲ್ಲಿನ ಮೇಲಿಟ್ಟು ಜಜ್ಜಿದ ಬಲಗೈಯ ಮೂರು ಬೆರಳು. ಉಳಿದದ್ದನ್ನು ಪೊಲೀಸರಿಗೆ ಒಪ್ಪಿಸಿದರು.

ಇತ್ತ ಭಾವನ ಹೊಟ್ಟೆ ಕೊಯ್ದಾಗ ಪಿತ್ತರಸ ಉಕ್ಕಿ ಬಂತು. ಜಠರ ಮುಗಿದು ಕರುಳು ಶುರುವಾಗುವಲ್ಲಿ ಕಾಳಿನಷ್ಟು ತೂತು, ಸುತ್ತ ಗಟ್ಟಿಯಾದ ಹಳೆಯ ಹುಣ್ಣು. ಸರ್ಜನ್ ಬಿಂದಿಗೆಗಟ್ಟಲೆ ಉಪ್ಪುನೀರಿನಲ್ಲಿ ಒಳಗೆಲ್ಲ ತೊಳೆದು, ಹೊಟ್ಟೆಯ ಕೊಬ್ಬಿನ ಪದರವನ್ನೇ ಎಳೆದು ತೇಪೆ ಹಾಕಿ ಹೊಲಿದರು.

ಮೂರನೆಯ ದಿನ ಮಂಚದ ಪಕ್ಕ ಹೆಂಡತಿ, ಕಾಲ ಬಳಿ ಕುಲುಮೆಯ ಯಜಮಾನ.

"ಗುದ್ದಿಗೆ ಇಂಥ ತೂತು ಬೀಳಲ್ಲ, ಇದು ಹಳೇ ಹುಣ್ಣು," ಎಂದರು ಸರ್ಜನ್. "ನಿಜ ಹೇಳಿ, ಮಾತ್ರೆ ನುಂಗಿದ್ದೀರಾ? ಮತ್ತೆ ನುಂಗಿದ್ರೆ ಮತ್ತೆ ತೂತು. ಆಗ ಇಲ್ಲಿಗೆ ಬರೋವರೆಗೂ ಉಳಿಯಲ್ಲ."

ಭಾವ ಯಜಮಾನನನ್ನು ನೋಡಿದ. "ದೇವರಾಣೆ ಇಲ್ಲ ಸಾರ್."

"ನನ್ನ ತಮ್ಮ ಲಾಕಪ್ಪಲ್ಲಿದಾನೆ," ಎಂದಳು ಹೆಂಡತಿ. "ಒಂದು ಲೋಟ ಹಿಡಿಯೋಕೆ ಬೆರಳಿಲ್ಲ ಅವನಿಗೆ." ಅಂಗೈಯನ್ನು ಗಂಡನ ಹೊಲಿಗೆಯ ಮೇಲಿಟ್ಟಳು. "ಹೇಳ್ತೀರೋ, ಒತ್ತಲೋ?"

ಉತ್ತರಕ್ಕೆ ಕಾಯದೆ ಒತ್ತಿದಳು.

"ಅಯ್ಯೋ! ನಾಲ್ಕು ಕಣೇ! ದಿನಕ್ಕೆ ನಾಲ್ಕು! ಭುಜ ನೋವು!"

"ಕೈ ತೆಗೀರಮ್ಮ, ಆ ಹೊಲಿಗೆ ನಂದು," ಎಂದು ಸರ್ಜನ್ ಅವಳ ಮಣಿಕಟ್ಟು ಹಿಡಿದೆತ್ತಿದರು.

"ನೋವು ಅಂದೆಯಾ?" ಎಂದ ಯಜಮಾನ. ಅಷ್ಟೇ ಕೇಳಿ ಹೊರಟುಹೋದ.

ಭಾವ ಗೋಡೆಗೆ ಮುಖ ತಿರುಗಿಸಿದ.

"ಇದು ಗುದ್ದಿಗೆ ಆದದ್ದಲ್ಲ ಅಂತ ಸ್ಟೇಷನ್ನಿಗೆ ಕಾಗದ ಬರೆದುಕೊಡಿ ಡಾಕ್ಟ್ರೇ," ಎಂದಳು ಅವಳು. ಸರ್ಜನ್ ಬರೆದು ಸಹಿ ಹಾಕುವವರೆಗೆ ಅವಳ ಅಂಗೈ ಮತ್ತೆ ಗಂಡನ ಹೊಟ್ಟೆಯ ಹೊದಿಕೆಯ ಮೇಲೇ ಇತ್ತು.