ಜಕ್ಕನಹಳ್ಳಿ ಮೇಲೆ ಸ್ಪೇನಿಗೆ

ನಮ್ಮ ಕಡೆ ಗಾಡಿ ಇಟ್ಟುಕೊಂಡವರಿಗೆಲ್ಲ ಒಂದು ಕಾಯಿಲೆ. ರಸ್ತೆಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಹತ್ತಿಸಿಕೊಳ್ಳದೆ ಮುಂದೆ ಹೋಗಲಾರರು. ಒಳ್ಳೆಯ ಗುಣವೇ ಇರಬಹುದು. ಆದರೆ ಪಾಂಡವಪುರದಿಂದ ಮೇಲುಕೋಟೆಗೆ ನಡೆದೇ ಹೋಗಬೇಕೆಂದು ಹೊರಟ ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಪೀಡೆ ಇನ್ನೊಂದಿಲ್ಲ.

ಇದಕ್ಕೆಲ್ಲ ಕಾರಣ ಪಾಲಹಳ್ಳಿಯ ಸಿಸಿಲಿಯಾ ಟೀಚರು. ನಾವಿಬ್ಬರೂ ಒಂದೇ ಸ್ಕೂಲಿನಲ್ಲಿ ಪಾಠ ಹೇಳಿ ಒಟ್ಟಿಗೇ ರಿಟೈರಾದವರು. ಸ್ಪೇನ್ ದೇಶದಲ್ಲಿ ಸಂತ ಯಾಕೋಬರ ಸಮಾಧಿಗೆ ಹೋಗುವ ಹಳೆಯ ದಾರಿಯೊಂದಿದೆ. ಸಾವಿರ ವರ್ಷದಿಂದ ಕ್ರೈಸ್ತರು ನಡೆದುಕೊಂಡು ಬಂದ ದಾರಿ. ಈಗ ಯಾರು ಬೇಕಾದರೂ ನಡೆಯುತ್ತಾರಂತೆ. ಸಿಸಿಲಿಯಾ ಟೀಚರು ಅಲ್ಲಿಗೆ ಹೊರಟಾಗ ನಾನೂ ಬರುತ್ತೇನೆಂದೆ. ಟೀಚರು ತಾನೇ, ಪರೀಕ್ಷೆ ಇಟ್ಟರು. ಬೆನ್ನಿಗೆ ಚೀಲ ಹಾಕಿಕೊಂಡು ಒಂದು ದಿನ ಪೂರ್ತಿ ನಡೆಯಬೇಕು, ಎಲ್ಲೂ ಗಾಡಿ ಹತ್ತಬಾರದು. ಹತ್ತಿದರೆ ನನ್ನ ಬದಲು ಅವರ ತಂಗಿ ಸ್ಪೇನಿಗೆ.

"ಮದ್ಯಾನದ ಊಟಕ್ಕೆ ಮನೇಗೆ ಬಂದ್ಬುಡ್ತೀಯ, ಬುಡು," ಎಂದರು ನಮ್ಮ ಯಜಮಾನರು. ತಿಮ್ಮೇಶ ಅಂತ ಹೆಸರು, ಬಾಬುರಾಯನಕೊಪ್ಪಲಿನಲ್ಲಿ ಪೈಪಿನಂಗಡಿ. ಅಂಗಡಿಗೆ ಬಂದ ಗಿರಾಕಿಗಳಿಗೂ ಅದನ್ನೇ ಹೇಳಿ ನಕ್ಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಚೀಲಕ್ಕೆ ಎರಡು ಸೀರೆ ತುರುಕಿ, ಭಾರ ಸಾಲದೆಂದು ರಾಗಿ ಹಿಟ್ಟು ತುಂಬಿಕೊಂಡು ಹೊರಟೆ.

ಪಾಂಡವಪುರ ದಾಟಿದ್ದೇ ತಡ, ಬೈಕು, ಆಟೋ, ಕಬ್ಬಿನ ಟ್ರಾಕ್ಟರು, ಒಂದಾದ ಮೇಲೊಂದು ನಿಂತವು. ಎಲ್ಲರಿಗೂ ಬೇಡ ಅಂದೆ. ಕೊನೆಗೆ ಪುಟ್ಟರಾಜು ಎಂಬ ಜಕ್ಕನಹಳ್ಳಿಯವನೊಬ್ಬ ಬೈಕು ನಿಲ್ಲಿಸಿದ. ನಮ್ಮ ಅಂಗಡಿಯಲ್ಲಿ ಪೈಪು ಕೊಂಡವನಂತೆ, ಗುರುತು ಹಿಡಿದುಬಿಟ್ಟ.

"ಯಾಕಕ್ಕ ನಡ್ಕೊಂಡ್ ಓಯ್ತಾ ಇದ್ದೀರಿ? ಅರಕೆನಾ?"

ಹೌದು ಅಂದಿದ್ದರೆ ಕೈ ಮುಗಿದು ಹೋಗುತ್ತಿದ್ದ. ಆದರೆ ಎದುರಿಗೇ ಬೆಟ್ಟದ ಮೇಲೆ ನರಸಿಂಹಸ್ವಾಮಿಯ ಗುಡಿ ಕಾಣುತ್ತಿತ್ತು, ಆ ಸ್ವಾಮಿಯ ಮುಂದೆ ಸುಳ್ಳು ಹರಕೆ ಹೇಳಲು ಬಾಯಿ ಬರಲಿಲ್ಲ.

"ಇಲ್ಲಪ್ಪ, ಸುಮ್ನೆ," ಅಂದೆ.

ಮಂಡ್ಯ ಸೀಮೆಯಲ್ಲಿ ಹೆಂಗಸೊಬ್ಬಳು ಬೆನ್ನಿಗೆ ಚೀಲ ಹೇರಿಕೊಂಡು ಸುಮ್ಮನೆ ನಡೆಯುವುದುಂಟೇ? ಗಂಡನ ಮೇಲೆ ಮುನಿಸಿಕೊಂಡು ಮನೆ ಬಿಟ್ಟಿರಬೇಕೆಂದು ಅವನ ಲೆಕ್ಕ. ಅವನು ಮುಂದೆ ಹೋಗಿ ಅವರಮ್ಮನಿಗೆ ಹೇಳಿದ, ನಮ್ಮ ಯಜಮಾನರಿಗೆ ಫೋನೂ ಮಾಡಿದ.

ಜಕ್ಕನಹಳ್ಳಿ ತಲುಪುವ ಹೊತ್ತಿಗೆ ಅವನ ತಾಯಿ ಪುಟ್ಟಲಕ್ಷ್ಮಮ್ಮ ರಸ್ತೆಗೇ ಬಂದು ನಿಂತಿದ್ದರು. ಕೈ ಹಿಡಿದು ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು, ಕೇಳದೆ ಚೀಲ ಬಿಚ್ಚಿದರು.

"ಅಯ್ಯೋ ಶಿವನೇ, ಇಟ್ಟು ಕಟ್ಕೊಂಡು ಒಂಟವ್ಳಲ್ಲ! ಎಲ್ಲಿಗವ್ವ?"

"ಸ್ಪೇನ್ ಅನ್ನೋ ದೇಶಕ್ಕೆ ಹೋಗ್ಬೇಕು, ಅದಕ್ಕೆ," ಎಂದು ವಿವರಿಸಲು ಹೊರಟೆ.

"ದೇಶಾನೇ ಬುಟ್ಟು ಓಗೋ ಅಂಗೆ ಏನವ್ವ ಅಂದ ನಿನ್ ಗಂಡ?"

ಅಷ್ಟರಲ್ಲಿ ನಮ್ಮ ಯಜಮಾನರು ಬೈಕಿನಲ್ಲಿ ಬಂದಿಳಿದರು. "ನಾನೇನೂ ಮಾಡಿಲ್ಲ ಕಣವ್ವ!" ಎಂದರು.

"ನನ್ನ ಕೈಲಿ ನಡಿಯಕ್ಕಾಗಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ನಕ್ಕರು," ಅಂದೆ. ಹೇಳಬಾರದು ಅಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. "ನಾನು ಇವರ ಗಾಡಿ ಹತ್ತಲ್ಲ."

ಪುಟ್ಟಲಕ್ಷ್ಮಮ್ಮ ಒಂದು ಗಳಿಗೆ ಯೋಚಿಸಿದರು. ಆಮೇಲೆ ಬೈಕಿನ ಕೀ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡರು. "ಅವ್ಳು ಅತ್ತಾಕಿಲ್ಲ ಅಂದ್ರೆ ನೀನೂ ಅತ್ತಬ್ಯಾಡ. ಬೆಟ್ಟದ್ ಮೇಲ್ಗಂಟ ಜೊತೇಲಿ ನಡ್ದು ಬಾ, ಆಮೇಲ್ ಕೀ ಕೊಡ್ತೀನಿ."

ಹವಾಯಿ ಚಪ್ಪಲಿಯಲ್ಲಿ ಬಂದಿದ್ದ ಯಜಮಾನರು ನಡೆದರು. ಮದುವೆಮನೆಗಾಗಲಿ ಆಸ್ಪತ್ರೆಗಾಗಲಿ, ಇವರು ನನಗಿಂತ ಹತ್ತು ಮಾರು ಮುಂದೆ ನಡೆದೇ ಅಭ್ಯಾಸ. ಅವತ್ತು ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆ ಖುಷಿ ಬೆಟ್ಟದ ಏರು ಶುರುವಾಗುವ ತನಕ ಮಾತ್ರ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಒಂದೊಂದು ಹೆಜ್ಜೆಗೂ ಪ್ರಾಣ ಹೋಗುವಂತಾಗಿ ಕುಂಟತೊಡಗಿದೆ. ಅದನ್ನು ನೋಡಿ ಯಜಮಾನರು ಮೇಲುಕೋಟೆ ಬಸ್ಸಿಗೆ ಕೈ ಅಡ್ಡ ಹಾಕಿದರು.

"ಅತ್ತು ಉಮಾ. ಸಿಸಿಲಿಯಾ ಟೀಚರೇನ್ ನೋಡ್ತಾವ್ರಾ?"

ಬಾಗಿಲ ಪಕ್ಕದ ಸೀಟೇ ಖಾಲಿ ಇತ್ತು. ಅಳು ಬರುವಷ್ಟು ಆಸೆಯಾಯಿತು. "ನೀವು ಹತ್ತಿ, ನಾನು ಬರ್ತೀನಿ," ಎಂದು ಹೇಳಿ ಮುಂದೆ ನಡೆದೆ.

ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಹಾಗೇ ನನ್ನನ್ನು ನೋಡಿದರು. ಕಂಡಕ್ಟರು ಬೈದ. ಕಾಲು ಕೆಳಗಿಳಿಸಿ, ಓಡಿಬಂದು, ನನ್ನ ಬೆನ್ನಿನ ಚೀಲಕ್ಕೆ ಕೈ ಹಾಕಿದರು. ಅದನ್ನೂ ಬಿಡಲಿಲ್ಲ ನಾನು. ಆಮೇಲೆ ಇಬ್ಬರೂ ಅಕ್ಕಪಕ್ಕದಲ್ಲೇ ಬೆಟ್ಟ ಹತ್ತಿದೆವು.

ಕಲ್ಯಾಣಿಯ ಮೆಟ್ಟಿಲ ಮೇಲೆ ಕುಸಿದು ಕೂತು ಸಿಸಿಲಿಯಾ ಟೀಚರಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಫೋನು ಕಿತ್ತುಕೊಂಡರು.

"ಅತ್ತಲಿಲ್ಲ ಟೀಚರೇ. ನಾನೇ ಬಸ್ ನಿಲ್ಸಿ ಕರುದ್ರೂ ಅತ್ತಲಿಲ್ಲ. ಟಿಕೆಟ್ ಮಾಡ್ಸಿ." ಆಮೇಲೆ ಆ ಕಡೆ ತಿರುಗಿ, ನನಗೆ ಕೇಳಬಾರದೆಂದು ದನಿ ತಗ್ಗಿಸಿದರು. "ಅಲ್ಲಿ ಅವ್ಳು ಕುಂಟುದ್ರೆ ಬುಟ್ಬುಟ್ಟು ಮುಂದಕ್ ಓಗ್ಬ್ಯಾಡಿ, ಆಯ್ತಾ? ಪಕ್ಕದಲ್ಲೇ ನಡೀರಿ."

ಚೀಲ ಇಳಿಸುವ ನೆವದಲ್ಲಿ ನಾನು ತಲೆ ಬಗ್ಗಿಸಿ ಚೆನ್ನಾಗಿ ಅತ್ತುಬಿಟ್ಟೆ.